ಅಜ್ಜಿಯ ಮೂಳೆಗೆ ಸುಣ್ಣವೊಂದೇ ಸಾಕೇ?

ಕಳೆದ ಕಾರ್ತಿಕ ಮಾಸದ ಒಂದು ಬೆಳಿಗ್ಗೆ ನಮ್ಮಮ್ಮ ಬಚ್ಚಲುಮನೆಯ ಬಾಗಿಲಲ್ಲಿ ಕಾಲು ಜಾರಿ ಬಿದ್ದರು. ಬೀಳುವಾಗ ಬಲಗೈ ಊರಿದ್ದರಿಂದ ಸೊಂಟ ಉಳಿಯಿತು, ಮಣಿಕಟ್ಟು ಮುರಿಯಿತು. ಅಮ್ಮನಿಗೆ ಈಗ 73 ವರ್ಷ.

ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಮನೆಗೆ ಬಂದ ಅಮ್ಮನಿಗಿಂತ ಹೆಚ್ಚು ಕಂಗೆಟ್ಟವಳು ನನ್ನ ಮಗಳು. ಏಳನೇ ತರಗತಿಯ ಹುಡುಗಿ. ದಿನಾ ಬೆಳಿಗ್ಗೆ ಅವಳಿಗೆ ಎಣ್ಣೆ ಹಚ್ಚಿ ಬಿಗಿಯಾಗಿ ಜಡೆ ಹಾಕುತ್ತಿದ್ದವರು ಅಜ್ಜಿಯೇ. ನನ್ನ ಕೈಯ ಜಡೆ ಶಾಲೆಯ ಪ್ರಾರ್ಥನೆ ಮುಗಿಯುವುದರೊಳಗೆ ಬಿಚ್ಚಿಹೋಗುತ್ತದೆ ಎಂಬುದು ಅವಳ ಹಳೆಯ ದೂರು.

ಆಸ್ಪತ್ರೆಯಲ್ಲಿ ಮೂಳೆ ಡಾಕ್ಟರು ಎಕ್ಸ್‌ರೇ ನೋಡಿದ ಮೇಲೆ ಕೇಳಿದರು: “ಕ್ಯಾಲ್ಸಿಯಂ ಮಾತ್ರೆ ತಗೊಳ್ತಿದ್ದೀರಾ ಅಮ್ಮಾ?”

“ಐದು ವರ್ಷದಿಂದ ಒಂದು ದಿನವೂ ತಪ್ಪಿಸಿಲ್ಲ ಡಾಕ್ಟ್ರೇ” ಎಂದರು ಅಮ್ಮ, ಹೆಮ್ಮೆಯಿಂದ.

“ಒಳ್ಳೇದು. ನಿನ್ನೆ ಬೆಳಿಗ್ಗೆಯಿಂದ ರಾತ್ರಿವರೆಗೆ ಏನೇನು ತಿಂದಿರಿ, ಅದನ್ನು ಹೇಳಿ.”

ಅಮ್ಮ ನೆನಪಿಸಿಕೊಂಡು ಹೇಳಿದರು. ಬೆಳಿಗ್ಗೆ ಕಾಫಿ, ರಸ್ಕು. ಆಮೇಲೆ ಎರಡು ಇಡ್ಲಿ. ಮಧ್ಯಾಹ್ನ ಒಂದು ಪುಟ್ಟ ಮುದ್ದೆ, ತಿಳಿಸಾರು, ಎರಡು ತುತ್ತು ಮಜ್ಜಿಗೆ ಅನ್ನ. ಸಂಜೆ ಕಾಫಿ, ಎರಡು ಬಿಸ್ಕತ್ತು. ರಾತ್ರಿ ಗಂಜಿ, ಉಪ್ಪಿನಕಾಯಿ. “ವಯಸ್ಸಾಯ್ತಲ್ಲ, ಹಗುರವಾಗಿರಲಿ ಅಂತ.”

ಡಾಕ್ಟರು ಪೆನ್ನು ಕೆಳಗಿಟ್ಟರು. “ಸುಣ್ಣ ತಗೊಳ್ತಾ ಇದ್ದೀರಿ, ಸರಿ. ಆದರೆ ಅದು ಅಂಟಿಕೊಳ್ಳೋದಕ್ಕೆ ಒಳಗೆ ಎಳೆ ಬೇಕಲ್ಲ? ಈ ಊಟದಲ್ಲಿ ಎಳೆ ಎಲ್ಲಿದೆ?”

ಆ ‘ಎಳೆ’ ಎಂದರೆ ಏನು ಎಂದು ಹುಡುಕುತ್ತ ಹೋದದ್ದರಿಂದ ಈ ಲೇಖನ ಹುಟ್ಟಿತು. ಅಜ್ಜ ಅಜ್ಜಿಯರು ಮತ್ತು ಮೊಮ್ಮಕ್ಕಳು ಒಟ್ಟಿಗೆ ಕುಳಿತು ಓದಿದರೆ ಇನ್ನೂ ಒಳ್ಳೆಯದು. ಏಕೆಂದರೆ ಇದು ಇಬ್ಬರ ಮೂಳೆಯ ವಿಷಯವೂ ಹೌದು.

ಎರಡು ಮೂಳೆಗಳ ಪಾಠ

ಮೊದಲು ಒಂದು ಪ್ರಯೋಗ. ನನ್ನ ಮಗಳು ಇದನ್ನು ಮನೆಯಲ್ಲೇ ಮಾಡಿದಳು.

ಭಾನುವಾರದ ಕೋಳಿಸಾರಿನ ಎರಡು ಕಾಲಿನ ಮೂಳೆಗಳನ್ನು ಚೆನ್ನಾಗಿ ತೊಳೆದು ಒಣಗಿಸಿದಳು. ಒಂದನ್ನು ಗಾಜಿನ ಬಾಟಲಿಯಲ್ಲಿಟ್ಟು, ಮುಳುಗುವಷ್ಟು ವಿನೆಗರ್ ಸುರಿದು ಮುಚ್ಚಳ ಹಾಕಿದಳು. ಎರಡು ದಿನಕ್ಕೊಮ್ಮೆ ವಿನೆಗರ್ ಬದಲಾಯಿಸಿದಳು. ಇನ್ನೊಂದು ಮೂಳೆಯನ್ನು ನಾನೇ ನೀರೊಲೆಯ ಕೆಂಡದಲ್ಲಿ ಬಹಳ ಹೊತ್ತು ಸುಟ್ಟು ಕೊಟ್ಟೆ.

ಒಂದು ವಾರದ ಮೇಲೆ ವಿನೆಗರಿನ ಮೂಳೆ ಹೊರಗೆ ಬಂತು. ನೋಡಲು ಮೂಳೆಯ ಹಾಗೇ ಇದೆ. ಹಿಡಿದು ಬಗ್ಗಿಸಿದರೆ ರಬ್ಬರಿನ ಹಾಗೆ ಬಗ್ಗುತ್ತದೆ! ಸುಟ್ಟ ಮೂಳೆಯೂ ಆಕಾರದಲ್ಲಿ ಮೂಳೆಯೇ, ಆದರೆ ಬಳಪದಂತೆ ಬೆಳ್ಳಗಾಗಿದೆ. ಬೆರಳಲ್ಲಿ ಒತ್ತಿದರೆ ಪುಡಿಪುಡಿ.

ಏನಾಯಿತು? ಹುಳಿಯಾದ ವಿನೆಗರ್ ಮೂಳೆಯಲ್ಲಿದ್ದ ಸುಣ್ಣದ ಅಂಶವನ್ನು, ಅಂದರೆ ಕ್ಯಾಲ್ಸಿಯಂ ಲವಣಗಳನ್ನು ಕರಗಿಸಿಬಿಟ್ಟಿತು. ಉಳಿದದ್ದು ಪ್ರೋಟೀನಿನ ನಾರು. ಬೆಂಕಿ ಆ ನಾರನ್ನು ಸುಟ್ಟುಹಾಕಿತು. ಉಳಿದದ್ದು ಬರೀ ಸುಣ್ಣದ ಅಂಶ. ನಾರು ಒಂದೇ ಇದ್ದರೆ ಮೂಳೆ ನಿಲ್ಲುವುದಿಲ್ಲ, ಬಾಗುತ್ತದೆ. ಸುಣ್ಣ ಒಂದೇ ಇದ್ದರೆ ಪೆಟ್ಟು ತಡೆಯುವುದಿಲ್ಲ, ಪುಡಿಯಾಗುತ್ತದೆ. ಎರಡೂ ಸೇರಿದರೆ ಮಾತ್ರ ಮೂಳೆ.

ನಮ್ಮ ಹಿರಿಯರಿಗೆ ಇದು ಹೊಸ ಮಾತಲ್ಲ. ಮಣ್ಣಿನ ಗೋಡೆ ಕಟ್ಟುವಾಗ ಬರೀ ಮಣ್ಣು ಕಲಸುತ್ತಿರಲಿಲ್ಲ, ಹುಲ್ಲು ಕತ್ತರಿಸಿ ಸೇರಿಸಿ ತುಳಿಯುತ್ತಿದ್ದರು. ಹುಲ್ಲಿಲ್ಲದ ಗೋಡೆ ಬಿರುಕು ಬಿಡುತ್ತದೆ ಎಂದು ಅವರಿಗೆ ಗೊತ್ತಿತ್ತು. ಇಂದಿನ ಮಕ್ಕಳು ಕಾಂಕ್ರೀಟಿನ ಒಳಗೆ ಕಬ್ಬಿಣದ ಕಂಬಿ ಕಟ್ಟುವುದನ್ನು ನೋಡಿರುತ್ತಾರೆ. ಮೂಳೆಯಲ್ಲಿ ಕಂಬಿಯ ಕೆಲಸ ಪ್ರೋಟೀನಿನದು, ಕಾಂಕ್ರೀಟಿನ ಕೆಲಸ ಕ್ಯಾಲ್ಸಿಯಂ ಲವಣದ್ದು. ಮೂಳೆಯ ತೂಕದಲ್ಲಿ ಸುಮಾರು ಮೂರನೇ ಒಂದು ಭಾಗ, ಗಾತ್ರದಲ್ಲಿ ಹೆಚ್ಚುಕಡಿಮೆ ಅರ್ಧ ಭಾಗ ಪ್ರೋಟೀನೇ ಇರುತ್ತದೆ!

ಕಾಂಗರೂ ಬಾಲದಿಂದ ತಿಳಿದ ಗುಟ್ಟು

ಆ ನಾರಿಗೆ ಕೊಲಾಜೆನ್ ಎಂದು ಹೆಸರು. ಅದು ಹೇಗೆ ಹೆಣೆದುಕೊಂಡಿದೆ ಎಂಬುದನ್ನು ಮೊದಲು ಬಿಡಿಸಿದವರಲ್ಲಿ ಒಬ್ಬರು ನಮ್ಮ ದೇಶದವರೇ, ಜಿ.ಎನ್. ರಾಮಚಂದ್ರನ್. 1922ರಲ್ಲಿ ಎರ್ನಾಕುಲಂನಲ್ಲಿ ಹುಟ್ಟಿದ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಕಲಿಯಲು ಬಂದು, ಸರ್ ಸಿ.ವಿ. ರಾಮನ್ ಅವರ ಶಿಷ್ಯರಾಗಿ ಭೌತವಿಜ್ಞಾನಕ್ಕೆ ತಿರುಗಿದವರು. ಆಮೇಲೆ ಮದ್ರಾಸ್ ವಿಶ್ವವಿದ್ಯಾಲಯದಲ್ಲಿದ್ದಾಗ, ಗೋಪಿನಾಥ್ ಕರ್ತಾ ಅವರ ಜೊತೆ ಸೇರಿ ಕೊಲಾಜೆನ್ ಬೆನ್ನು ಹತ್ತಿದರು. ಅದಕ್ಕೆ ಶುದ್ಧವಾದ ಕೊಲಾಜೆನ್ ಬೇಕಿತ್ತು. ಮದ್ರಾಸಿನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆಯಲ್ಲಿ ಸಿಕ್ಕಿದ್ದು ಕಾಂಗರೂ ಬಾಲದ ಸ್ನಾಯುರಜ್ಜು!

ಅದರ ಮೂಲಕ ಎಕ್ಸ್‌ರೇ ಹಾಯಿಸಿ, ಮೂಡಿದ ಚಿತ್ರಗಳನ್ನು ಲೆಕ್ಕ ಹಾಕಿ, 1954 ಮತ್ತು 1955ರಲ್ಲಿ ಅವರು ಉತ್ತರ ಹೇಳಿದರು. ಕೊಲಾಜೆನ್ ಎಂದರೆ ಮೂರು ಎಳೆಗಳು ಒಂದರ ಸುತ್ತ ಒಂದು ಸುತ್ತಿಕೊಂಡ ಹುರಿ. ಹಗ್ಗ ಹೊಸೆಯುವವರು ಮೂರು ಎಳೆ ಸೇರಿಸಿ ಹುರಿಗೊಳಿಸುವ ಹಾಗೆ. ಇದನ್ನು ಓದಿ ಹೇಳಿದಾಗ ನನ್ನ ಮಗಳು, “ನನ್ನ ಜಡೆಗೂ ಮೂರೇ ಎಳೆ!” ಎಂದಳು. ಒಂದೊಂದು ಎಳೆ ಸಪೂರ, ಮೂರು ಸೇರಿದರೆ ಗಟ್ಟಿ. ರಾಮಚಂದ್ರನ್ 1970ರ ದಶಕದ ಆರಂಭದಲ್ಲಿ ಮತ್ತೆ ಬೆಂಗಳೂರಿಗೆ ಬಂದು, ಅದೇ ವಿಜ್ಞಾನ ಸಂಸ್ಥೆಯಲ್ಲಿ ಅಣು ಜೀವಭೌತವಿಜ್ಞಾನದ ವಿಭಾಗವನ್ನು ಕಟ್ಟಿದರು.

ಈ ಹುರಿಗಳ ಸಂದುಗೊಂದುಗಳಲ್ಲಿ ಕ್ಯಾಲ್ಸಿಯಂ ಮತ್ತು ರಂಜಕ ಸೇರಿದ ಪುಟ್ಟ ಹರಳುಗಳು ಕೂರುತ್ತವೆ. ಆಗ ಮೂಳೆ ಗಟ್ಟಿಯಾಗುತ್ತದೆ. ಹುರಿಯೇ ಇಲ್ಲದಿದ್ದರೆ ಹರಳು ಕೂರುವುದು ಎಲ್ಲಿ? ಡಾಕ್ಟರು ‘ಎಳೆ’ ಎಂದದ್ದು ಇದನ್ನೇ.

ಇನ್ನೊಂದು ಮಾತು. ಮೂಳೆ ಒಮ್ಮೆ ಕಟ್ಟಿ ಮುಗಿಸಿದ ಗೋಡೆಯಲ್ಲ. ಹಳೆಯದನ್ನು ಕೆಡವುವ ಜೀವಕೋಶಗಳೂ ಹೊಸದನ್ನು ಕಟ್ಟುವ ಜೀವಕೋಶಗಳೂ ಅಲ್ಲಿ ಹಗಲೂ ರಾತ್ರಿ ದುಡಿಯುತ್ತಿರುತ್ತವೆ. ದೊಡ್ಡವರ ಮೂಳೆಯಲ್ಲಿ ವರ್ಷಕ್ಕೆ ಸುಮಾರು ಹತ್ತರಲ್ಲಿ ಒಂದು ಭಾಗ ಹೊಸದಾಗುತ್ತದೆ. ಕೆಡವಿದ ಕೊಲಾಜೆನ್ನಿನ ಅನೇಕ ಚೂರುಗಳನ್ನು ದೇಹ ಮತ್ತೆ ಬಳಸಲಾರದು. ಹಾಗಾಗಿ ಹೊಸ ಪ್ರೋಟೀನು ದಿನಾ ಊಟದಿಂದಲೇ ಬರಬೇಕು. ಚಿಕ್ಕವಯಸ್ಸಿನಲ್ಲಿ ತಿಂದದ್ದು ಮುದಿವಯಸ್ಸಿಗೂ ಸಾಕು ಎನ್ನುವಂತಿಲ್ಲ.

ಮೂಳೆಯೆಂಬ ಹಗೇವು

ಇನ್ನು ಕ್ಯಾಲ್ಸಿಯಂ ಕಥೆ. ದೊಡ್ಡವರ ದೇಹದಲ್ಲಿ ಸುಮಾರು ಒಂದು ಕಿಲೋ ಕ್ಯಾಲ್ಸಿಯಂ ಇರುತ್ತದೆ. ಅದರಲ್ಲಿ ನೂರಕ್ಕೆ 99 ಪಾಲು ಮೂಳೆ ಮತ್ತು ಹಲ್ಲುಗಳಲ್ಲೇ ಇದೆ. ಉಳಿದ ಒಂದು ಪಾಲು ಚಿಕ್ಕದು, ಆದರೆ ಅದರ ಕೆಲಸ ಬಲು ದೊಡ್ಡದು. ಹೃದಯ ಬಡಿಯಲು, ಸ್ನಾಯು ಬಿಗಿಯಲು, ನರಗಳಲ್ಲಿ ಸುದ್ದಿ ಓಡಲು, ಗಾಯವಾದಾಗ ರಕ್ತ ಹೆಪ್ಪುಗಟ್ಟಲು ಕ್ಯಾಲ್ಸಿಯಂ ಬೇಕೇ ಬೇಕು. ರಕ್ತದಲ್ಲಿ ಅದರ ಮಟ್ಟ ಸ್ವಲ್ಪ ಏರಿದರೂ ಇಳಿದರೂ ಕಷ್ಟ.

ಹಿಂದೆ ನಮ್ಮ ರಾಗಿ ಸೀಮೆಯಲ್ಲಿ ಹಗೇವು ಇರುತ್ತಿತ್ತು. ನೆಲದೊಳಗೆ ತೋಡಿದ ಕಣಜ. ಸುಗ್ಗಿಯಲ್ಲಿ ರಾಗಿ ತುಂಬಿ ಬಾಯಿ ಮುಚ್ಚಿದರೆ ಬರಗಾಲಕ್ಕೆ ತೆಗೆಯುವುದು. ಮೂಳೆಯೂ ನಮ್ಮ ದೇಹದ ಹಗೇವು. ಊಟದಲ್ಲಿ ಕ್ಯಾಲ್ಸಿಯಂ ಬಾರದ ದಿನ ದೇಹ ಮೂಳೆಯಿಂದ ತೆಗೆದು ರಕ್ತಕ್ಕೆ ಕೊಡುತ್ತದೆ.

ಆ ಹಗೇವಿನ ಬೀಗದ ಕೈ ಇರುವುದು ನಾಲ್ಕು ಪುಟ್ಟ ಗ್ರಂಥಿಗಳ ಬಳಿ. ಕುತ್ತಿಗೆಯಲ್ಲಿ, ಥೈರಾಯ್ಡ್ ಗ್ರಂಥಿಯ ಹಿಂದೆ, ಹೆಚ್ಚುಕಡಿಮೆ ಅಕ್ಕಿಕಾಳಿನಷ್ಟು ದೊಡ್ಡವು. ಪ್ಯಾರಾಥೈರಾಯ್ಡ್ ಎಂದು ಹೆಸರು. ಇವು ಮೊದಲು ಪತ್ತೆಯಾದದ್ದು ಯಾರ ಕುತ್ತಿಗೆಯಲ್ಲಿ ಗೊತ್ತೇ ಮಕ್ಕಳೇ? ಭಾರತದ ಒಂಟಿಕೊಂಬಿನ ಘೇಂಡಾಮೃಗದ ಕುತ್ತಿಗೆಯಲ್ಲಿ! ಲಂಡನ್ನಿನ ಪ್ರಾಣಿಸಂಗ್ರಹಾಲಯದಲ್ಲಿದ್ದ ಆ ಘೇಂಡಾಮೃಗ 1849ರಲ್ಲಿ ಸತ್ತಾಗ, ರಿಚರ್ಡ್ ಓವೆನ್ ಎಂಬ ವಿಜ್ಞಾನಿ ಅದರ ದೇಹವನ್ನು ಕೊಯ್ದು ಪರೀಕ್ಷಿಸುತ್ತ, ಥೈರಾಯ್ಡಿಗೆ ಅಂಟಿಕೊಂಡಿದ್ದ ಈ ಗ್ರಂಥಿಯನ್ನು ಗುರುತಿಸಿದರು. ಮನುಷ್ಯರಲ್ಲೂ ಅದಿದೆ ಎಂದು 1880ರಲ್ಲಿ ವಿವರವಾಗಿ ಬರೆದವರು ಸ್ವೀಡನ್ನಿನ ಐವಾರ್ ಸಾಂಡ್‌ಸ್ಟ್ರೋಮ್. ಅದು ಕ್ಯಾಲ್ಸಿಯಂನ ಕಾವಲುಗಾರ ಎಂದು ತಿಳಿದದ್ದು 20ನೇ ಶತಮಾನದಲ್ಲಿ.

ರಕ್ತದಲ್ಲಿ ಕ್ಯಾಲ್ಸಿಯಂ ಇಳಿದರೆ ಈ ಗ್ರಂಥಿಗಳು ಒಂದು ಹಾರ್ಮೋನನ್ನು ಸುರಿಸುತ್ತವೆ. ಅದು ಮೂರು ಕೆಲಸ ಮಾಡಿಸುತ್ತದೆ. ಮೂಳೆಯಿಂದ ಕ್ಯಾಲ್ಸಿಯಂ ಬಿಡಿಸುತ್ತದೆ. ಮೂತ್ರದಲ್ಲಿ ಪೋಲಾಗದಂತೆ ಮೂತ್ರಪಿಂಡಕ್ಕೆ ಹೇಳುತ್ತದೆ. ವಿಟಮಿನ್ ಡಿಯನ್ನು ಚುರುಕುಗೊಳಿಸಿ, ಕರುಳು ಊಟದಿಂದ ಹೆಚ್ಚು ಕ್ಯಾಲ್ಸಿಯಂ ಹೀರುವಂತೆ ಮಾಡುತ್ತದೆ. ಈ ಹಾರ್ಮೋನು ಆಗಾಗ ಸ್ವಲ್ಪ ಬಂದರೆ ಚಿಂತೆಯಿಲ್ಲ. ಯಾವಾಗಲೂ ಏರಿಯೇ ಇದ್ದರೆ ಹಗೇವು ಖಾಲಿಯಾಗುತ್ತ ಹೋಗುತ್ತದೆ.

ಪ್ರೋಟೀನಿನ ಮೇಲೆ ಬಂದ ಆಪಾದನೆ

ಇಲ್ಲಿ ಒಂದು ಹಳೆಯ ವ್ಯಾಜ್ಯವನ್ನು ಹೇಳಬೇಕು. ಪ್ರೋಟೀನು ಹೆಚ್ಚು ತಿಂದವರ ಮೂತ್ರದಲ್ಲಿ ಕ್ಯಾಲ್ಸಿಯಂ ಹೆಚ್ಚು ಹೋಗುತ್ತದೆ ಎಂಬುದು 1920ರ ದಶಕದಿಂದಲೂ ವಿಜ್ಞಾನಿಗಳಿಗೆ ಗೊತ್ತಿತ್ತು. ಪ್ರೋಟೀನಿನಲ್ಲಿ ಗಂಧಕ ಇರುತ್ತದೆ. ಅದು ಜೀರ್ಣವಾದಾಗ ಸ್ವಲ್ಪ ಆಮ್ಲ ಹುಟ್ಟುತ್ತದೆ. ಆ ಹುಳಿಯನ್ನು ತಣಿಸಲು ದೇಹ ಮೂಳೆಯ ಸುಣ್ಣವನ್ನು ಕರಗಿಸುತ್ತದೆ, ಅದೇ ಮೂತ್ರದಲ್ಲಿ ಹೋಗುತ್ತದೆ ಎಂದು 1968ರಲ್ಲಿ ಇಬ್ಬರು ವೈದ್ಯರು ವಾದಿಸಿದರು. ನಮ್ಮ ವಿನೆಗರ್ ಪ್ರಯೋಗ ನೋಡಿದವರಿಗೆ ಇದು ನಿಜವೆಂದೇ ತೋರುತ್ತದೆ. ಬಹಳ ವರ್ಷ ಲೋಕವೂ ಹಾಗೇ ನಂಬಿತು. ‘ಪ್ರೋಟೀನ್ ಜಾಸ್ತಿ ತಿಂದರೆ ಮೂಳೆ ಕರಗುತ್ತದೆ’ ಎಂಬ ಮಾತು ಇಂದಿಗೂ ಅಲ್ಲಲ್ಲಿ ಕೇಳಿಬರುತ್ತದೆ.

ಆದರೆ ಮನೆಯ ಖರ್ಚು ಹೆಚ್ಚಿತು ಎಂದ ಮಾತ್ರಕ್ಕೆ ಗಂಟು ಕರಗಿತು ಎನ್ನಲಾಗುತ್ತದೆಯೇ? ಆದಾಯವೂ ಹೆಚ್ಚಿರಬಹುದಲ್ಲ! ಜಮಾ ಮತ್ತು ಖರ್ಚು ಎರಡನ್ನೂ ನೋಡಬೇಕು. ಅಮೆರಿಕದಲ್ಲಿ ಜೇನ್ ಕರ್‌ಸ್ಟೆಟರ್ ಮತ್ತು ಸಂಗಡಿಗರು ಮಾಡಿದ್ದು ಅದನ್ನೇ. 13 ಮಂದಿ ಮಹಿಳೆಯರಿಗೆ ಹತ್ತು ದಿನ ಸಾಧಾರಣ ಪ್ರೋಟೀನಿನ ಊಟ, ಇನ್ನು ಹತ್ತು ದಿನ ಅದರ ಎರಡು ಪಟ್ಟು ಪ್ರೋಟೀನಿನ ಊಟ ಕೊಟ್ಟರು. ಗುರುತು ಹಿಡಿಯಬಲ್ಲ ವಿಶೇಷ ಕ್ಯಾಲ್ಸಿಯಂ ಕೊಟ್ಟು, ಮೂತ್ರದಲ್ಲಿ ಹೋಗುವ ಕ್ಯಾಲ್ಸಿಯಂ ಊಟದಿಂದ ಬಂದದ್ದೋ ಮೂಳೆಯಿಂದ ಬಂದದ್ದೋ ಎಂದು ಪತ್ತೆ ಮಾಡಿದರು.

2005ರಲ್ಲಿ ಉತ್ತರ ಪ್ರಕಟವಾಯಿತು. ಸಾಧಾರಣ ಊಟದಲ್ಲಿ ಕರುಳು ನೂರಕ್ಕೆ ಸುಮಾರು 18 ಪಾಲು ಕ್ಯಾಲ್ಸಿಯಂ ಹೀರಿತ್ತು. ಪ್ರೋಟೀನು ಹೆಚ್ಚಿದಾಗ ಸುಮಾರು 26 ಪಾಲು ಹೀರಿತು! ಮೂತ್ರದಲ್ಲಿ ಹೆಚ್ಚು ಹೋದದ್ದು ನಿಜ. ಆದರೆ ಅದರಲ್ಲಿ ಮೂಳೆಯಿಂದ ಬಂದ ಪಾಲು ಕಡಿಮೆಯಾಗಿತ್ತು. ಅಂದರೆ ಜಮಾ ಹೆಚ್ಚಿದ್ದರಿಂದ ಖರ್ಚು ಹೆಚ್ಚಿತ್ತು, ಗಂಟು ಕರಗಿರಲಿಲ್ಲ. ಇದಕ್ಕೂ ಮೊದಲು ಅದೇ ತಂಡ ಇನ್ನೊಂದು ಸಂಗತಿ ಕಂಡಿತ್ತು. ಪ್ರೋಟೀನು ಬಹಳ ಕಡಿಮೆಯಿರುವ ಊಟ ಕೊಟ್ಟಾಗ ನಾಲ್ಕೇ ದಿನದಲ್ಲಿ ಪ್ಯಾರಾಥೈರಾಯ್ಡ್ ಹಾರ್ಮೋನು ಏರಿತ್ತು. ಪ್ರೋಟೀನು ಕಡಿಮೆಯಾದಾಗ ಕರುಳು ಕ್ಯಾಲ್ಸಿಯಂ ಹೀರುವುದನ್ನು ಕಡಿಮೆ ಮಾಡಿತ್ತು. ಕಾವಲುಗಾರ ಹಗೇವಿನ ಬೀಗ ತೆಗೆಯತೊಡಗಿದ್ದ.

ನಮ್ಮಮ್ಮ ಐದು ವರ್ಷ ಕ್ಯಾಲ್ಸಿಯಂ ಮಾತ್ರೆ ನುಂಗಿ ರಾತ್ರಿ ಗಂಜಿ ಕುಡಿದದ್ದು ನನಗೆ ನೆನಪಾಯಿತು.

ವೃದ್ಧಾಶ್ರಮಗಳಲ್ಲಿ ನಡೆದ ಪರೀಕ್ಷೆ

13 ಜನರ ಹತ್ತು ದಿನದ ಪರೀಕ್ಷೆಯಿಂದ ಎಲ್ಲವನ್ನೂ ಹೇಳಲಾಗದು. ಮೂಳೆ ಮುರಿಯುವುದು ನಿಜಕ್ಕೂ ಕಡಿಮೆಯಾಗುತ್ತದೆಯೇ ಎಂದು ನೋಡಬೇಕಾದರೆ ದೊಡ್ಡ ಪರೀಕ್ಷೆ ಬೇಕು. ಅದು ನಡೆದದ್ದು ಆಸ್ಟ್ರೇಲಿಯಾದಲ್ಲಿ. 60 ವೃದ್ಧಾಶ್ರಮಗಳು, 7,195 ಹಿರಿಯರು, ಅವರ ಸರಾಸರಿ ವಯಸ್ಸು 86. ಅರ್ಧ ಆಶ್ರಮಗಳ ಊಟ ಎಂದಿನಂತೆಯೇ ಇತ್ತು. ಉಳಿದರ್ಧದಲ್ಲಿ ಹಾಲು, ಮೊಸರು, ಚೀಸ್ ಹೆಚ್ಚಿಸಿದರು. ಅದರಿಂದ ಒಬ್ಬೊಬ್ಬರಿಗೆ ದಿನಕ್ಕೆ ಸುಮಾರು 560 ಮಿಲಿಗ್ರಾಂ ಕ್ಯಾಲ್ಸಿಯಂ, 12 ಗ್ರಾಂ ಪ್ರೋಟೀನು ಹೆಚ್ಚಿಗೆ ಸಿಕ್ಕಿತು. ಅಷ್ಟೇ. ಹೊಸ ಮಾತ್ರೆಯಿಲ್ಲ, ಸೂಜಿಯಿಲ್ಲ.

ಎರಡು ವರ್ಷದ ಲೆಕ್ಕ 2021ರಲ್ಲಿ ಪ್ರಕಟವಾಯಿತು. ಹಾಲು ಮೊಸರು ಹೆಚ್ಚಿಸಿದ ಕಡೆ ಮೂಳೆ ಮುರಿತ ನೂರಕ್ಕೆ 33ರಷ್ಟು ಕಡಿಮೆ. ಸೊಂಟದ ಮೂಳೆ ಮುರಿತ 46ರಷ್ಟು ಕಡಿಮೆ. ಬೀಳುವುದೂ 11ರಷ್ಟು ಕಡಿಮೆ! ಬೀಳುವುದು ಏಕೆ ಕಡಿಮೆಯಾಗಬೇಕು? ಪ್ರೋಟೀನು ಸ್ನಾಯುವಿಗೂ ಬೇಕು. ತೊಡೆಯಲ್ಲಿ ಬಲವಿದ್ದರೆ ಜಾರಿದ ಕಾಲು ಸಾವರಿಸಿಕೊಳ್ಳುತ್ತದೆ.

ಈ ಪರೀಕ್ಷೆಯಲ್ಲಿ ಕ್ಯಾಲ್ಸಿಯಂ ಮತ್ತು ಪ್ರೋಟೀನು ಜೊತೆಯಾಗಿ ಹೋದವು. ಇದರಲ್ಲಿ ಯಾವುದರ ಪಾಲು ಎಷ್ಟು ಎಂದು ಬಿಡಿಸಿ ಹೇಳಲಾಗದು. ಬಿಡಿಸುವ ಅಗತ್ಯವೂ ಊಟದ ತಟ್ಟೆಗಿಲ್ಲ. ಅಮೆರಿಕದ ಬಾಸ್ಟನ್ನಿನಲ್ಲಿ 65 ದಾಟಿದವರನ್ನು ಮೂರು ವರ್ಷ ಗಮನಿಸಿದ ಒಂದು ಅಧ್ಯಯನದಲ್ಲೂ ಇದೇ ಕಂಡಿತ್ತು. ಕ್ಯಾಲ್ಸಿಯಂ ಮತ್ತು ವಿಟಮಿನ್ ಡಿ ಸಾಕಷ್ಟು ಸಿಕ್ಕವರಲ್ಲಿ ಮಾತ್ರ ಹೆಚ್ಚಿನ ಪ್ರೋಟೀನು ಮೂಳೆಗೆ ಒಳ್ಳೆಯದು ಮಾಡಿತ್ತು. ಜೋಡೆತ್ತಿನ ಗಾಡಿ ಇದು. ಒಂದೇ ಎತ್ತು ಕಟ್ಟಿದರೆ ಸಾಗದು.

ಮೂಳೆ ಮುರಿದ ಮೇಲೂ ತಡವೇನಿಲ್ಲ. ಸ್ವಿಟ್ಸರ್‌ಲೆಂಡಿನ ಜಿನೀವಾದಲ್ಲಿ ಸೊಂಟದ ಮೂಳೆ ಮುರಿದ 82 ಹಿರಿಯರ ಮೇಲೆ ಒಂದು ಪರೀಕ್ಷೆ ನಡೆಯಿತು, 1998ರಲ್ಲಿ ಪ್ರಕಟವಾಯಿತು. ಎಲ್ಲರಿಗೂ ಕ್ಯಾಲ್ಸಿಯಂ, ವಿಟಮಿನ್ ಡಿ ಕೊಟ್ಟು, ಅರ್ಧ ಜನಕ್ಕೆ ಮಾತ್ರ ದಿನಕ್ಕೆ 20 ಗ್ರಾಂ ಪ್ರೋಟೀನು ಹೆಚ್ಚಿಗೆ ಕೊಟ್ಟರು. ಅವರ ತೊಡೆಮೂಳೆಯ ಸವೆತ ಕಡಿಮೆಯಾಯಿತು. ಅವರು ಚೇತರಿಕೆಯ ಆಸ್ಪತ್ರೆಯಿಂದ ಸುಮಾರು ಮೂರು ವಾರ ಮೊದಲೇ ಮನೆಗೆ ಹೋದರು.

ಅಮ್ಮನ ಒಂದು ದಿನದ ಲೆಕ್ಕ

ಮಗಳು ಒಂದು ಹಳೆಯ ನೋಟ್‌ಬುಕ್ ತಂದಳು. ಡಾಕ್ಟರಿಗೆ ಅಜ್ಜಿ ಹೇಳಿದ ಊಟವನ್ನೆಲ್ಲ ಬರೆದು ಪ್ರೋಟೀನಿನ ಲೆಕ್ಕ ಹಾಕಿದೆವು.

ಎರಡು ಕಾಫಿ ಸೇರಿ ಅರ್ಧ ಲೋಟ ಹಾಲು, 3 ಗ್ರಾಂ. ಎರಡು ಇಡ್ಲಿ, 4 ಗ್ರಾಂ. ಪುಟ್ಟ ಮುದ್ದೆ, 6 ಗ್ರಾಂ. ತಿಳಿಸಾರು, 2 ಗ್ರಾಂ. ಎರಡು ಹೊತ್ತಿನ ಅಕ್ಕಿ ಸೇರಿ 7 ಗ್ರಾಂ. ಮಜ್ಜಿಗೆ, 2 ಗ್ರಾಂ. ರಸ್ಕು, ಬಿಸ್ಕತ್ತು, 2 ಗ್ರಾಂ. ಒಟ್ಟು 26 ಗ್ರಾಂ.

ಬೇಕಾದದ್ದು ಎಷ್ಟು? ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಹೇಳಿರುವ ಪ್ರಕಾರ ದೊಡ್ಡವರಿಗೆ ದೇಹತೂಕದ ಒಂದೊಂದು ಕಿಲೋಗೆ ದಿನಕ್ಕೆ 0.83 ಗ್ರಾಂ. ಅಮ್ಮನ ತೂಕ 48 ಕಿಲೋ. ಅಂದರೆ ಕನಿಷ್ಠ 40 ಗ್ರಾಂ. ಹಿರಿಯರಿಗೆ ಕಿಲೋಗೆ 1ರಿಂದ 1.2 ಗ್ರಾಂ ಇದ್ದರೆ ಒಳ್ಳೆಯದು ಎನ್ನುವ ತಜ್ಞರೂ ಇದ್ದಾರೆ. ಹಾಗಾದರೆ 50ರ ಆಸುಪಾಸು. ನಮ್ಮಮ್ಮ ಅದರ ಅರ್ಧದಲ್ಲಿದ್ದರು.

ಲೆಕ್ಕ ಮುಗಿದ ಮೇಲೆ ಮಗಳು ಕೇಳಿದಳು: “ನಾವೂ ಅದೇ ಸಾರು ತಿಂತೀವಲ್ಲ ಅಮ್ಮಾ, ಅಜ್ಜಿಗೆ ಮಾತ್ರ ಯಾಕೆ ಎರಡೇ ಗ್ರಾಂ?”

ಆಗ ನನಗೆ ಹೊಳೆಯಿತು. ಸಾರಿನ ಪಾತ್ರೆಯಲ್ಲಿ ಬೇಳೆ ತಳಕ್ಕೆ ಕೂತಿರುತ್ತದೆ. ಮೊದಲು ಬಡಿಸುವಾಗ ಸೌಟು ತಳಕ್ಕೆ ಹೋಗುತ್ತದೆ. ಮಕ್ಕಳ ತಟ್ಟೆಗೆ, ಗಂಡಸರ ತಟ್ಟೆಗೆ ಕಾಳು ಬೇಳೆ. ಕೊನೆಯಲ್ಲಿ ಕೂರುವ ಅಮ್ಮ ಮೇಲಿನ ತಿಳಿಯನ್ನಷ್ಟೇ ಬಡಿಸಿಕೊಳ್ಳುತ್ತಿದ್ದರು. ಕೋಳಿಸಾರಿನ ದಿನ ತುಂಡು ಮೊಮ್ಮಕ್ಕಳಿಗೆ, ರಸ ಅಜ್ಜಿಗೆ. ಕೆನೆಮೊಸರು ನಮಗೆ, ನೀರು ಮಜ್ಜಿಗೆ ಅವರಿಗೆ. ಯಾರೂ ಹೀಗೆ ಮಾಡಿ ಎಂದು ಹೇಳಿರಲಿಲ್ಲ. ಯಾರೂ ಗಮನಿಸಿಯೂ ಇರಲಿಲ್ಲ.

ಹಾಗಂತ ಅಮ್ಮನ ಕೈ ಮುರಿದದ್ದಕ್ಕೆ ಇದೊಂದೇ ಕಾರಣ ಎನ್ನುತ್ತಿಲ್ಲ. ಹೆಂಗಸರಿಗೆ ಮುಟ್ಟು ನಿಂತ ಮೇಲೆ ಕೆಲವು ವರ್ಷ ಮೂಳೆ ಬೇಗ ಸವೆಯುತ್ತದೆ. ವಯಸ್ಸಾದಂತೆ ಕರುಳು ಕ್ಯಾಲ್ಸಿಯಂ ಹೀರುವುದೂ ಕಡಿಮೆಯಾಗುತ್ತದೆ. ಬಚ್ಚಲ ಬಾಗಿಲು ಒದ್ದೆಯಾಗಿತ್ತು, ಬೆಳಕೂ ಸಾಲದಾಗಿತ್ತು. ಅಲ್ಲಿ ಈಗ ಒಂದು ಬಲ್ಬು ಮತ್ತು ಹಿಡಿದುಕೊಳ್ಳಲು ಕಂಬಿ ಬಂದಿವೆ. ಆದರೆ ತಟ್ಟೆಯನ್ನು ಸರಿಪಡಿಸುವುದೂ ನಮ್ಮ ಕೈಯಲ್ಲೇ ಇತ್ತು.

ಏನು ಬದಲಾಯಿತು?

ದುಬಾರಿ ಪುಡಿ ಡಬ್ಬಿ ಯಾವುದೂ ಬರಲಿಲ್ಲ. ತಿಳಿಸಾರಿನ ಜಾಗದಲ್ಲಿ ಗಟ್ಟಿ ಬೇಳೆಯ ಹುಳಿ ಅಥವಾ ಹುರುಳಿಕಾಳಿನ ಸಾರು, 6 ಗ್ರಾಂ ಹೆಚ್ಚಾಯಿತು. ಸಂಜೆ ಬಿಸ್ಕತ್ತಿನ ಜೊತೆಗೆ ಒಂದು ಹಿಡಿ ಹೆಸರುಕಾಳಿನ ಉಸಲಿ, 7 ಗ್ರಾಂ. ರಾತ್ರಿ ಒಂದು ಲೋಟ ಹಾಲು, 6 ಗ್ರಾಂ. ಮಜ್ಜಿಗೆಯ ಬದಲು ಗಟ್ಟಿ ಮೊಸರು, 3 ಗ್ರಾಂ. ಒಂದು ಸಣ್ಣ ಹಿಡಿ ಹುರಿದ ಕಡಲೆಕಾಯಿ ಬೀಜ, 5 ಗ್ರಾಂ. ಅಮ್ಮನಿಗೆ ಅಗಿಯುವುದು ಕಷ್ಟವಾದ ದಿನ ಅದನ್ನೇ ಪುಡಿ ಮಾಡಿ ಬೆಲ್ಲದ ಜೊತೆ ಉಂಡೆ ಕಟ್ಟಿದೆ. ಸೋಮವಾರ, ಶನಿವಾರ ಬಿಟ್ಟು ಉಳಿದ ದಿನ ಕಡಲೆಕಾಯಿಯ ಬದಲು ಕೆಲವೊಮ್ಮೆ ಒಂದು ಮೊಟ್ಟೆ. ಈಗ ಕೂಡಿ ನೋಡಿ, 26 ಇದ್ದದ್ದು 53 ಆಗುತ್ತದೆ.

ಕ್ಯಾಲ್ಸಿಯಂ ಕೂಡ ಹಾಗೇ ಹೆಚ್ಚಿತು. ಒಂದು ಲೋಟ ಹಾಲಿನಲ್ಲಿ ಸುಮಾರು 240 ಮಿಲಿಗ್ರಾಂ ಇರುತ್ತದೆ. ನಮ್ಮ ರಾಗಿಯ ಹೆಮ್ಮೆ ಇಲ್ಲಿಯೇ ಇದೆ. 100 ಗ್ರಾಂ ಅಕ್ಕಿಯಲ್ಲಿ ಕ್ಯಾಲ್ಸಿಯಂ 10 ಮಿಲಿಗ್ರಾಂ ಕೂಡ ಇಲ್ಲ, ರಾಗಿಯಲ್ಲಿ 364 ಮಿಲಿಗ್ರಾಂ ಇದೆ! ಆದರೆ ರಾಗಿಯಲ್ಲಿರುವ ಫೈಟೇಟ್ ಎಂಬ ವಸ್ತು ಕ್ಯಾಲ್ಸಿಯಮ್ಮನ್ನು ಹಿಡಿದಿಟ್ಟುಕೊಂಡು ಕರುಳಿಗೆ ಪೂರ್ತಿ ಬಿಟ್ಟುಕೊಡುವುದಿಲ್ಲ. ಮೊಳಕೆ ಕಟ್ಟಿದರೆ ಫೈಟೇಟ್ ಕಡಿಮೆಯಾಗುತ್ತದೆ. ಅಜ್ಜಿಯರು ರಾಗಿಯನ್ನು ಮೊಳಕೆ ಕಟ್ಟಿ, ಒಣಗಿಸಿ, ಹುರಿದು ಎಳೆಮಕ್ಕಳಿಗೆ ಹಿಟ್ಟು ಮಾಡುತ್ತಿದ್ದರಲ್ಲ, ಅದು ದೊಡ್ಡವರಿಗೂ ಒಳ್ಳೆಯದೇ.

ಮುದ್ದೆಯ ಜೊತೆ ಕಾಳಿನ ಸಾರು, ಅಕ್ಕಿಯ ಜೊತೆ ಉದ್ದು ಸೇರಿದ ಇಡ್ಲಿ ಇವೆಲ್ಲ ಜಾಣ ಜೋಡಿಗಳು. ಧಾನ್ಯದ ಪ್ರೋಟೀನಿನಲ್ಲಿ ಕಡಿಮೆಯಿರುವ ಅಂಶ ಬೇಳೆಯಲ್ಲಿದೆ, ಬೇಳೆಯಲ್ಲಿ ಕಡಿಮೆಯಿರುವುದು ಧಾನ್ಯದಲ್ಲಿದೆ. ಕರಾವಳಿಯವರು ಮುಳ್ಳು ಸಮೇತ ತಿನ್ನುವ ಸಣ್ಣ ಮೀನಿನಲ್ಲಿ ಎರಡು ಎತ್ತುಗಳೂ ಒಟ್ಟಿಗಿವೆ. ನುಗ್ಗೆಸೊಪ್ಪು, ಎಳ್ಳು ಕೂಡ ಕ್ಯಾಲ್ಸಿಯಂ ಇರುವ ಪದಾರ್ಥಗಳೇ. ಕೊಲಾಜೆನ್ ಹುರಿಗೊಳ್ಳಲು ವಿಟಮಿನ್ ಸಿ ಬೇಕು. ಅದಕ್ಕೆ ಊಟದ ಜೊತೆ ನಿಂಬೆ, ನೆಲ್ಲಿಕಾಯಿ, ಸೀಬೆ ಇರಲಿ. ಉಪ್ಪು ಹೆಚ್ಚಾದರೆ ಮೂತ್ರದಲ್ಲಿ ಕ್ಯಾಲ್ಸಿಯಂ ಹೆಚ್ಚು ಹೋಗುತ್ತದೆ. ಹಾಗಾಗಿ ಉಪ್ಪಿನಕಾಯಿ ನಾಲಗೆಗೆ ಮಾತ್ರ ತಾಗಲಿ. ಚರ್ಮಕ್ಕೆ ಬಿಸಿಲು ತಾಗಿದರೆ ವಿಟಮಿನ್ ಡಿ ಸಿಗುತ್ತದೆ. ದಿನಾ ಸ್ವಲ್ಪ ಹೊತ್ತು ಅಂಗಳದಲ್ಲಿ ಬಿಸಿಲಿಗೆ ಕೂರಿ, ನಾಲ್ಕು ಹೆಜ್ಜೆ ನಡೆಯಿರಿ. ಭಾರ ಹೊರದ ಮೂಳೆ ಸೋಮಾರಿಯಾಗುತ್ತದೆ.

ಒಂದು ಎಚ್ಚರಿಕೆ. ಮೂತ್ರಪಿಂಡದ ತೊಂದರೆ ಇರುವವರು ಪ್ರೋಟೀನನ್ನು ತಾವಾಗಿಯೇ ಹೆಚ್ಚಿಸಬಾರದು, ಡಾಕ್ಟರನ್ನು ಕೇಳಿಯೇ ಮಾಡಬೇಕು. ಡಾಕ್ಟರು ಬರೆದ ಮಾತ್ರೆಯನ್ನು ಈ ಲೇಖನ ಓದಿ ನಿಲ್ಲಿಸಲೂಬೇಡಿ. ಮಾತ್ರೆಗೆ ಊಟ ಜೊತೆಯಾಗಲಿ ಎನ್ನುವುದಷ್ಟೇ ಇಲ್ಲಿಯ ಮಾತು.

ಮಕ್ಕಳೇ, ಇದು ನಿಮ್ಮ ಸುಗ್ಗಿ ಕಾಲ

ಇದೆಲ್ಲ ಅಜ್ಜಿಯ ಕಥೆ, ನಮಗೇಕೆ ಎನ್ನುತ್ತೀರಾ? ಹಗೇವು ತುಂಬುವುದು ನಿಮ್ಮ ವಯಸ್ಸಿನಲ್ಲೇ. ಜೀವಮಾನದ ಮೂಳೆಯ ಬಹುಪಾಲು 18ರಿಂದ 20 ವರ್ಷದೊಳಗೆ ಕಟ್ಟಿಬಿಡುತ್ತದೆ. ಎತ್ತರ ಬೆಳೆಯುವ ವರ್ಷಗಳಲ್ಲಿ ಅದರ ವೇಗ ಇನ್ನೂ ಹೆಚ್ಚು. 30ರ ನಂತರ ತುಂಬುವುದಕ್ಕಿಂತ ಕಾಪಾಡಿಕೊಳ್ಳುವುದೇ ಕೆಲಸ. ಸುಗ್ಗಿಯಲ್ಲಿ ಹಗೇವು ಅರ್ಧ ತುಂಬಿದವನಿಗೆ ಬರಗಾಲ ಬೇಗ ಕಾಡುತ್ತದೆ. ಶಾಲೆಯಲ್ಲಿ ಕೊಡುವ ಹಾಲು, ಮೊಟ್ಟೆ ಬಿಡಬೇಡಿ. ಸಾರಿನ ಕಾಳನ್ನು ತಟ್ಟೆಯ ಅಂಚಿಗೆ ಸರಿಸಬೇಡಿ. ಕುಣಿಯಿರಿ, ಓಡಿ, ಹಗ್ಗದಾಟ ಆಡಿ. ನೆಗೆದಾಗಲೆಲ್ಲ ಮೂಳೆ ‘ನಾನು ಗಟ್ಟಿಯಾಗಬೇಕು’ ಎಂದು ಕಲಿಯುತ್ತದೆ.

ಈ ವಾರ ಒಂದು ಕೆಲಸ ಮಾಡಿ. ನಿಮ್ಮ ಮನೆಯ ಅಜ್ಜ ಅಥವಾ ಅಜ್ಜಿ ಒಂದು ದಿನ ತಿಂದದ್ದನ್ನೆಲ್ಲ ಬರೆದುಕೊಳ್ಳಿ. ಅವರಿಗೆ ಬೇಳೆ ಸಿಕ್ಕಿತೋ ಬರೀ ತಿಳಿ ಸಿಕ್ಕಿತೋ ನೋಡಿ. ಮೂಳೆಯ ಪ್ರಯೋಗವನ್ನೂ ಮಾಡಬಹುದು. ವಿನೆಗರಿನ ಭಾಗ ಮಾತ್ರ ನಿಮಗೆ, ಸುಡುವ ಕೆಲಸ ದೊಡ್ಡವರಿಗೆ. ಮೂಳೆ ತರದ ಮನೆಯವರು ಹಸಿ ಮೊಟ್ಟೆಯನ್ನು ಎರಡು ದಿನ ವಿನೆಗರಿನಲ್ಲಿಟ್ಟು ನೋಡಿ. ಸುಣ್ಣದ ಚಿಪ್ಪು ಕರಗಿ, ಒಳಗಿನ ಪ್ರೋಟೀನಿನ ತೆಳು ಪೊರೆಯಲ್ಲಿ ಮೊಟ್ಟೆ ನಿಂತಿರುತ್ತದೆ.

ಆರು ವಾರಕ್ಕೆ ಅಮ್ಮನ ಪ್ಲಾಸ್ಟರ್ ಬಿಚ್ಚಿದರು. ಕೈ ಮೊದಲಿನ ಹಾಗೆ ತಿರುಗಲು ಇನ್ನೂ ಎರಡು ತಿಂಗಳು ಬೇಕಾಯಿತು. ಸಂಕ್ರಾಂತಿ ಕಳೆದು ಶಿವರಾತ್ರಿ ಹತ್ತಿರ ಬಂದಾಗ ಒಂದು ಬೆಳಿಗ್ಗೆ ಮಗಳು ಬಾಚಣಿಗೆ, ರಿಬ್ಬನ್ ಹಿಡಿದು ಅಜ್ಜಿಯ ಮುಂದೆ ಕುಳಿತಳು. ಮೂರು ಎಳೆ ಮಾಡಿ ಹೆಣೆಯುವಷ್ಟರಲ್ಲಿ ಅಮ್ಮ ಎರಡು ಸಲ ಕೈ ಕೊಡವಿಕೊಂಡರು. ಜಡೆ ಹಿಂದಿನಷ್ಟು ಬಿಗಿಯಿರಲಿಲ್ಲ. ಆದರೆ ಸಂಜೆ ಮಗಳು ಶಾಲೆಯಿಂದ ಬಂದಾಗಲೂ ಅದು ಬಿಚ್ಚಿರಲಿಲ್ಲ.

ಆ ರಾತ್ರಿ ಬಡಿಸಲು ಕುಳಿತವಳು ಮಗಳೇ. ಮೊದಲ ಸೌಟು ಅಜ್ಜಿಯ ತಟ್ಟೆಗೆ. “ಸಾಕು ಕಣೇ, ತಿಳಿ ಹಾಕು” ಎಂದರು ಅಮ್ಮ. ಅವಳು ಕೇಳಲಿಲ್ಲ. ಸೌಟನ್ನು ಪಾತ್ರೆಯ ತಳದವರೆಗೆ ಇಳಿಸಿ, ಬೇಳೆ ಎತ್ತಿ ಹಾಕಿದಳು.